ಹುಣಸೆಹಣ್ಣಿನ ಕೋಣೆಯಲ್ಲಿ ಒಂದು ಚಳಿಗಾಲ

ಆ ಗಿಡವನ್ನು ನಾನು ಮೊದಲು ನೋಡಿದಾಗ ಅದರಲ್ಲಿ ಒಂದೂ ಎಲೆ ಇರಲಿಲ್ಲ. ಕಾನಹೊಸಹಳ್ಳಿಯಲ್ಲಿ ಹೆದ್ದಾರಿಗೆ ಹತ್ತಿದ ಒಂದು ಪಂಚರ್ ಅಂಗಡಿಯ ಹಿಂದೆ, ಮನೆಯ ಬಚ್ಚಲ ಗೋಡೆಯ ಪಕ್ಕ ನಿಂತಿತ್ತು. ಎರಡಾಳೆತ್ತರ. ಕಾಂಡದ ಮೇಲೆ ಅಲ್ಲಲ್ಲಿ ಜೇನಿನ ಬಣ್ಣದ ಅಂಟು ಒಸರಿ ಗಟ್ಟಿಯಾಗಿತ್ತು. ಕೊಂಬೆಗಳ ತುದಿಯನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿದ್ದರು. ಬುಡದ ಮಣ್ಣು ಬಿರುಕು ಬಿಟ್ಟಿತ್ತು.

ಡಿಸೆಂಬರ್ ತಿಂಗಳ ಮೊದಲ ವಾರ. ನನ್ನ ಕೆಲಸ ದಾಳಿಂಬೆ ತೋಟಗಳಿಗೆ ಸಲಹೆ ಕೊಡುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸುತ್ತ ಬೈಕಿನಲ್ಲಿ ತಿರುಗುತ್ತೇನೆ. ಮಲ್ಲಿಗೆ ಬೆಳೆಯುವವರು ಕರೆದರೆ ಹಡಗಲಿಗೂ ಹೋಗುತ್ತೇನೆ. ಆ ವರ್ಷ ಮುಂಗಾರು ಮಳೆ ದಸರೆಯವರೆಗೂ ಬಿಡದೆ ಹಿಡಿದು, ಎಲ್ಲ ತೋಟಗಳಲ್ಲೂ ಕಾಯಿಯ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು. ದೀಪಾವಳಿಯಿಂದ ಈಚೆಗೆ ಒಂದು ದಿನವೂ ನಾನು ಮನೆಯಲ್ಲಿ ಕುಳಿತು ಮಧ್ಯಾಹ್ನದ ಊಟ ಮಾಡಿರಲಿಲ್ಲ. ಹೊಸ ಗಿಡವೊಂದನ್ನು ನೋಡುವ ಉತ್ಸಾಹ ಮೈಯಲ್ಲಿ ಉಳಿದಿರಲಿಲ್ಲ.

ಕರೆದುಕೊಂಡು ಹೋದವರು ಆ ಮನೆಯ ಹಿರಿಯಣ್ಣ. ಅವರ ದಾಳಿಂಬೆ ತೋಟಕ್ಕೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೆ. ಬಚ್ಚಲ ಹಿಂದೆ ಇಂಥದೊಂದು ಗಿಡವಿದೆ ಎಂದು ಅವರು ಎಂದೂ ಹೇಳಿರಲಿಲ್ಲ.

"ಇದು ನಮ್ಮ ತಮ್ಮನ ಹೇಣ್ತಿ ಗಿಡ ನೋಡ್ರಿ ಸರ್. ಆಕಿ ತವರುಮನಿ ಕಡಿದು. ಏಪ್ರಿಕಾಟ್ ಅಂತಾರಂತ. ಇಷ್ಟು ವರ್ಷಾತು, ಒಂದ್ ಹೂ ಬಿಟ್ಟಿಲ್ಲ. ಪಾಪ, ದಿನಾ ನೋಡ್ತಾಳ. ಅದಕ್ಕ ಈ ಸಲ ನಾನ ಬಹಾರ್ ಹಿಡಿದೀನಿ" ಎಂದರು. ದನಿಯಲ್ಲಿ ಹೆಮ್ಮೆಯಿತ್ತು.

ನನಗೆ ಅರ್ಥವಾಯಿತು. ದಾಳಿಂಬೆಯಲ್ಲಿ ನಾವು ನಮಗೆ ಬೇಕಾದ ಹೊತ್ತಿಗೆ ಹೂ ಬಿಡಿಸುತ್ತೇವೆ. ಮೊದಲು ನೀರು ನಿಲ್ಲಿಸಿ ಗಿಡವನ್ನು ಒಣಗಿಸುತ್ತೇವೆ. ತುದಿ ಕತ್ತರಿಸುತ್ತೇವೆ, ಅದಕ್ಕೆ ಚಾಟ್ನಿ ಎನ್ನುತ್ತಾರೆ. ಎಲೆ ಉದುರಿಸುವ ಔಷಧಿ ಹೊಡೆಯುತ್ತೇವೆ. ಆಮೇಲೆ ಒಮ್ಮೆಲೇ ನೀರು ಬಿಟ್ಟರೆ ಮೈತುಂಬ ಹೂ. ಈ ಎಲ್ಲದಕ್ಕೂ ಸೇರಿ ಬಹಾರ್ ಹಿಡಿಯುವುದು ಎಂಬ ಮಾತು. ಹಿರಿಯಣ್ಣ ಬಚ್ಚಲ ನೀರಿನ ಕಾಲುವೆಗೆ ಕಲ್ಲು, ಮಣ್ಣು ಅಡ್ಡ ಹಾಕಿ ಗಿಡವನ್ನು ದಸರೆಯಿಂದಲೇ ಒಣಗಿಸಿದ್ದರು. ತೋಟಕ್ಕೆ ಬಂದ ಚಾಟ್ನಿ ಆಳುಗಳ ಕೈಯಲ್ಲೇ ಇದಕ್ಕೂ ಕತ್ತರಿ ಹಾಕಿಸಿದ್ದರು. ಉಳಿದ ಔಷಧಿಯನ್ನು ಇದಕ್ಕೇ ಹೊಡೆಸಿದ್ದರು. ಎಲ್ಲವನ್ನೂ ಪ್ರೀತಿಯಿಂದ ಮಾಡಿದ್ದರು. ಆದರೆ ಈ ಗಿಡಕ್ಕೆ ಅದರಲ್ಲಿ ಒಂದೂ ಒಗ್ಗುವಂಥದಲ್ಲ. ದಾಳಿಂಬೆಯ ಹೂ ಚಾಟ್ನಿಯ ನಂತರದ ಹೊಸ ಚಿಗುರಿನಲ್ಲಿ ಬರುತ್ತದೆ. ಏಪ್ರಿಕಾಟಿನ ಹೂಗಣ್ಣು, ಎಂದರೆ ಹೂವಾಗುವ ಪುಟ್ಟ ಮೊಗ್ಗು, ಹೋದ ಬೇಸಿಗೆಯಲ್ಲೇ ಕೂತು, ಹಳೆಯ ಕಡ್ಡಿಯ ಮೇಲೆ ಕಾಯುತ್ತಿರುತ್ತದೆ. ಆ ಕಡ್ಡಿಗಳು ಕತ್ತರಿಗೆ ಸಿಕ್ಕಿ, ಒಲೆಗೆ ಹೋಗಿ, ಬೂದಿಯೂ ಆಗಿದ್ದವು.

ಆ ತಮ್ಮನ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಗಂಡ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದಾಗ ಹಿಮಾಚಲದ ಒಂದು ಕಣಿವೆಯಿಂದ ಮದುವೆಯಾಗಿ ಬಂದವಳು. ಮಾತು ಮಾತ್ರ ಅಪ್ಪಟ ಕೂಡ್ಲಿಗಿಯದು.

"ಭಾವಾರ ಮುಂದ ಏನೂ ಅನ್ನಬ್ಯಾಡ್ರಿ ಸರ್," ಎಂದಳು, ಹಿರಿಯಣ್ಣ ತೋಟದ ಕಡೆ ಹೋದ ಮೇಲೆ. "ನಾ ಅವತ್ತು ಕಾನಾಮಡುಗಿಗೆ ಹೋಗಿದ್ದೆ. ಬಂದು ನೋಡಿದ್ರ ಹಿಂಗ ನಿಂತೈತಿ. ಎಲ್ಡ್ ದಿನ ಅವರಿಗೆ ಚಾ ಕೊಡ್ಲಿಲ್ಲ, ಅಷ್ಟ. ಯಾಕಂತ ಅವರಿಗೆ ಇನ್ನೂ ಗೊತ್ತಾಗಿಲ್ಲ."

ಬೇಲಿಯ ಕಡೆಗೆ ಇನ್ನೊಂದು ಗಿಡವಿತ್ತು. ಅದೇ ವಯಸ್ಸಿನದು, ಆದರೆ ಸಣ್ಣದು. ಎಳೆಯದೆಂದು ಹಿರಿಯಣ್ಣ ಅದನ್ನು ಮುಟ್ಟಿರಲಿಲ್ಲ. ಅದರಲ್ಲಿ ಹಳೆಯ ಎಲೆಗಳಿನ್ನೂ ಇದ್ದವು. ಬಚ್ಚಲ ಗಿಡದಲ್ಲೂ ಗೋಡೆಯ ತಗಡಿನ ಮೇಲೆ ಬಾಗಿದ ಒಂದು ಕೊಂಬೆ ಆಳುಗಳ ಕೈಗೆ ಎಟುಕದೆ ಉಳಿದಿತ್ತು.

ಎರಡೂ ಒಂದೇ ಮರದ ಬೀಜದಿಂದ ಹುಟ್ಟಿದವು. ಆ ಮರ ಆಕೆಯ ತಾಯಿಯ ಅಂಗಳದ್ದು. ಅಲ್ಲಿಯವರು ಈ ಹಣ್ಣಿಗೆ ಚುಲಿ ಎನ್ನುತ್ತಾರೆ. ಅವಳು ಹೇಳಿದ್ದನ್ನು ನಾನು ಇಲ್ಲಿ ಆದಷ್ಟು ಸರಿಯಾಗಿ ಬರೆಯಬೇಕು. ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಇಂಥ ಮರ ಚಳಿಗಾಲದಲ್ಲಿ ಮಲಗುತ್ತದೆ. ಮಲಗಿದ್ದಾಗ ಎಂಥ ಹಿಮವನ್ನೂ ತಾಳುತ್ತದೆ. ಸಾಕಷ್ಟು ಚಳಿ ಉಂಡ ಮೇಲೆ ಬಿಸಿಲು ತಾಗಿದರೆ ಎಚ್ಚರವಾಗಿ, ಎಲೆಗಿಂತ ಮೊದಲು ಹೂ ಬಿಡುತ್ತದೆ. ಆ ಹೂವಿಗೆ ಮಾತ್ರ ತಾಳಿಕೆ ಇಲ್ಲ. ಅರಳಿದ ಮೇಲೆ ಒಂದು ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿದರೆ ಆ ವರ್ಷದ ಫಸಲು ಮುಗಿದಂತೆ. ಅವಳ ತಾಯಿಯ ಮರ ಊರಿನ ಮರಗಳೆಲ್ಲ ಹೂ ಉದುರಿಸಿದ ಮೇಲೆ ಅರಳುತ್ತಿತ್ತು. ಹಿಮಕ್ಕೆ ಊರೆಲ್ಲ ಕರಕಲಾದ ವರ್ಷವೂ ಆ ಅಂಗಳದಲ್ಲಿ ಹಣ್ಣಿರುತ್ತಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ತಾಯಿಯೂ ತೀರಿಕೊಂಡಳು. ತವರಿನಲ್ಲಿ ಅವಳ ಅಣ್ಣ ಬೇರೆ ಗಿಡ ನೆಟ್ಟ. ಅವು ಬೇಗ ಅರಳುವ ಜಾತಿ. ಒಂದರ ಹಿಂದೊಂದು ವರ್ಷ ಹೂವು ಹಿಮಕ್ಕೆ ಹೋಗುತ್ತಿತ್ತು.

"ಈಗ ಫೋನ್ ಹಚ್ಚಿ ಕೇಳ್ತಾನ್ರಿ, ಅವ್ವನ ಮರದ ಬೀಜ ಒಯ್ದಿದ್ಯಲ್ಲ, ಅದಾವೇನು ಅಂತ. ಈ ಎಲ್ಡ ಗಿಡ ಬಿಟ್ರ ಆ ಮರದ್ದು ಎಲ್ಲೂ ಏನೂ ಉಳಿದಿಲ್ಲ. ಇವ್ರಾಗ ಯಾವುದು ಅವ್ವನಂಗ ತಡಾ ಬಿಡತೈತಿ, ಅದನ್ನ ಕಳಸಬೇಕು. ಹೆಂಗ ತಿಳಿಯೂದು? ಖರೇ ಹೇಳ್ರಿ ಸರ್. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

ಖರೆ ಹೇಳಿದೆ. ಬೀಜದಿಂದ ಬಂದ ಗಿಡ ತಾಯಿಯನ್ನೇ ಹೋಲಬೇಕೆಂದಿಲ್ಲ. ಒಂದು ಹೋಲಬಹುದು, ಎರಡೂ ಹೋಲದಿರಬಹುದು. ಹೂ ಬಿಟ್ಟಾಗ ಮಾತ್ರ ತಿಳಿಯುತ್ತದೆ. ಇಲ್ಲಿ ಹೂ ಬಿಡುವುದಿಲ್ಲ. ಏಕೆಂದರೆ ಕಾನಹೊಸಹಳ್ಳಿಯಲ್ಲಿ ಅವುಗಳಿಗೆ ಬೇಕಾದ ಚಳಿಯಿಲ್ಲ.

ಅವಳ ಗಂಡ ತನ್ನ ಪಂಚರ್ ಅಂಗಡಿಯಿಂದ ಟ್ಯೂಬು ಒರೆಸುತ್ತ ಬಂದು ಕೇಳಿಸಿಕೊಂಡ. "ಚಳಿ ಇಲ್ಲೇನ್ರಿ ಸರ್? ಮುಂಜಾನಿ ನೋಡ್ರಿ, ಕಂಬಳಿ ಹೊದ್ದ ಮಂದಿ ಚಾ ಅಂಗಡ್ಯಾಗ ನಡಗ್ತಿರ್ತಾರ."

"ಅವರಿಗೆ ಸಾಕು, ಗಿಡಕ್ಕ ಸಾಲದು," ಎಂದೆ.

"ಹಂಗಾರ ಹೊಸಪೇಟಿಯಿಂದ ಐಸ್ ಗಡ್ಡಿ ತರ್ಲೇನು? ಬುಡಕ್ಕ ಇಡೂಣು."

"ಲೇ, ನಿನ್ನ ತಲಿಮ್ಯಾಲೆ ಇಟ್ಕೋ ಮೊದಲ," ಎಂದಳು ಹೆಂಡತಿ.

ಚಳಿ ಬೇಕಾದದ್ದು ಬೇರಿಗಲ್ಲ, ಕಡ್ಡಿಯ ಮೇಲಿನ ಹೂಗಣ್ಣಿಗೆ. ಅವನ ತಮಾಷೆ ನನ್ನನ್ನು ಬೈಕಿನ ಮೇಲೆ ಕೊಟ್ಟೂರಿನವರೆಗೂ ಬಿಡಲಿಲ್ಲ. ಕೊಟ್ಟೂರಿನಾಚೆ ಹುಣಸೆಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜ್ ಇದೆ. ಗಿಡಕ್ಕೆ ಚಳಿ ತರಲು ಆಗದಿದ್ದರೂ, ಕಡ್ಡಿಗಳನ್ನು ಚಳಿಗೆ ಒಯ್ಯಬಹುದು. ಹೂಗಣ್ಣಿರುವ ಕಡ್ಡಿ ಕತ್ತರಿಸಿ, ಕೆಲವು ವಾರ ತಣ್ಣಗಿಟ್ಟು, ಆಮೇಲೆ ಬೆಚ್ಚಗಿನ ಜಾಗದಲ್ಲಿ ನೀರಿನ ಬಾಟಲಿಯಲ್ಲಿ ನಿಲ್ಲಿಸಿದರೆ ಅದು ಅರಳಬೇಕು. ಎರಡೂ ಗಿಡದ ಕಡ್ಡಿಗಳನ್ನು ಒಂದೇ ರೀತಿ ಇಟ್ಟರೆ ಯಾವುದು ಮೊದಲು, ಯಾವುದು ತಡ ಎಂಬುದಾದರೂ ಕಾಣುತ್ತದೆ. ಓದುವಾಗ ಕಲಿತ ವಿಧಾನ. ಕೈಯಾರೆ ಎಂದೂ ಮಾಡಿರಲಿಲ್ಲ.

ಸಂಕ್ರಾಂತಿಗೆ ಬಹಳ ಮುಂಚೆಯೇ ಕಡ್ಡಿ ಕತ್ತರಿಸಿದೆವು. ಬೇಲಿ ಗಿಡದಿಂದ ಬೇಕಾದಷ್ಟು ಸಿಕ್ಕವು. ಬಚ್ಚಲ ಗಿಡದ ಒಂಟಿ ಕೊಂಬೆಯಲ್ಲಿ ಅರ್ಧ ಮಾತ್ರ ತೆಗೆದುಕೊಂಡೆ. ಉಳಿದರ್ಧವನ್ನು ಯಾವ ಗಿಡವೆಂದು ತಿಳಿಯುವವರೆಗೆ ಮುಟ್ಟಬಾರದೆಂದು ಮೊದಲೇ ಮಾತಾಗಿತ್ತು. ಆ ಗಿಡ ಬದುಕುವುದಿದ್ದರೆ ಆ ಕೊಂಬೆಯಿಂದಲೇ ಬದುಕಬೇಕು. ಅದು ಬೇಗ ಅರಳುವ ಗಿಡವೆಂದಾದರೆ ಕೊಂಬೆ ಹಾಗೇ ಇರಲಿ, ಗಿಡ ಚೇತರಿಸಿಕೊಳ್ಳಲಿ. ತಡವಾಗಿ ಅರಳುವ ಗಿಡವೆಂದಾದರೆ ಅದನ್ನೂ ಕತ್ತರಿಸಿ ಅವಳ ಅಣ್ಣನ ಊರಿಗೆ ಕಸಿಗೆ ಕಳಿಸಬೇಕು. ಆಗ ಈ ಗಿಡದ ಕಥೆ ಇಲ್ಲಿಗೆ ಮುಗಿದಂತೆ. ಆಕೆ ಬಚ್ಚಲ ಗಿಡದ ಕಡ್ಡಿಗಳ ಕಟ್ಟಿಗೆ ಕೆಂಪು ದಾರ, ಬೇಲಿ ಗಿಡದ್ದಕ್ಕೆ ಬಿಳಿ ದಾರ ಕಟ್ಟಿದಳು. ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ನಿಲ್ಲಿಸಿದೆವು.

ಕೋಲ್ಡ್ ಸ್ಟೋರೇಜಿನ ಮ್ಯಾನೇಜರು ಚೀಲದೊಳಗೆ ಇಣುಕಿ, "ಏನ್ರಿ ಇದು, ಹವನಕ್ಕ ಸಮಿತ್ತು ತಂದೀರೇನು?" ಎಂದು ನಕ್ಕರು. ಹುಣಸೆಹಣ್ಣಿನ ಕೋಣೆಯ ಹಿಂದಿನ ಮೂಲೆಯಲ್ಲಿ ಜಾಗ ಕೊಟ್ಟರು. ಬಾಗಿಲ ಹತ್ತಿರದ ಫಲಕ ತೋರಿಸುವ ಉಷ್ಣಾಂಶವನ್ನು ನಾನು ನಂಬಲಿಲ್ಲ. ನನ್ನದೇ ತಾಪಮಾಪಕವನ್ನು ಚೀಲಕ್ಕೆ ಕಟ್ಟಿದೆ. ಮೂಲೆ ಬಾಗಿಲಿಗಿಂತ ಹೆಚ್ಚು ತಣ್ಣಗಿತ್ತು. ನಮಗೆ ಬೇಕಾದದ್ದು ಅದೇ. ಹರಪನಹಳ್ಳಿ ಕಡೆಗೆ ಹೋಗುವಾಗ, ಬರುವಾಗ ಒಳಹೊಕ್ಕು ನೋಡುತ್ತಿದ್ದೆ. ಹೊರಗಿನ ಬಿಸಿಲಿನಿಂದ ಆ ಕೋಣೆಗೆ ಕಾಲಿಟ್ಟರೆ ಹುಳಿವಾಸನೆ ಮೂಗಿಗೆ ಹೊಡೆದು, ಬೆವರು ಬೆನ್ನ ಮೇಲೇ ತಣ್ಣಗಾಗುತ್ತಿತ್ತು. ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತಿದ್ದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ.

ಜನವರಿಯಲ್ಲಿ ಕಡ್ಡಿಗಳ ಮೇಲೆ ಬೂಷ್ಟು ಬಂತು. ಒಂದೊಂದನ್ನೇ ತೆಗೆದು, ಶಿಲೀಂಧ್ರನಾಶಕದ ನೀರಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣು ಮುರಿಯದಂತೆ ಒರೆಸಿ, ಕಾಗದ ಬದಲಿಸಿದೆ. ಮುಂದಿನ ಸಲ ಹೋದಾಗ ಕೆಂಪು ದಾರದ ಕಟ್ಟು ಸಡಿಲವಾಗಿತ್ತು. ಎತ್ತಿ ನೋಡಿದರೆ ಸಣ್ಣದಾಗಿತ್ತು. ಮ್ಯಾನೇಜರು ಹಮಾಲರನ್ನು ಕರೆದು ಕೇಳಿದರು. ಒಬ್ಬ ಹಿರಿಯ ಹಮಾಲ ಮುಂದೆ ಬಂದ.

"ನಾನ ತಗಂಡೀನ್ರಿ. ದಿನಾ ಒಂದೊಂದು. ಹಲ್ ತಿಕ್ಕಾಕ."

"ಹಲ್ಲು ತಿಕ್ಕೋಕೆ?"

"ಬೇವಿನ ಕಡ್ಡಿ ಅಂದಕಂಡೆ. ಬಾಯಾಗ ಇಟ್ರ ಬಾದಾಮಿ ವಾಸನಿ ಬಂತ್ರಿ. ಚಲೋ ಇತ್ತು. ಈ ಬಿಳಿ ದಾರದ್ದು ನಾರು ಬಿಡಾಕಿಲ್ರಿ, ಕೆಂಪುದ ಮೆತ್ತಗ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು. ಆಮೇಲೆ ಕಟ್ಟು ಬಿಚ್ಚಿ ಒಂದೊಂದೇ ಎಣಿಸಿದೆ. ಒಂದು ಮುಷ್ಟಿಗೂ ಸಾಲದಷ್ಟು ಕಡ್ಡಿ ಉಳಿದಿದ್ದವು. ಅವುಗಳಲ್ಲೂ ಹೂಗಣ್ಣು ಇದ್ದವು ಎರಡೇ.

ಆಕೆಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ಆ ಯಜಮಾನಗ ಬಾಯಾಗ ಏನೂ ಆಗಿಲ್ಲಲ್ರಿ? ಚುಲಿ ಕಹಿ ಜಾತಿ ಆಗಿದ್ರ ವಿಷ ಇರ್ತೈತಿ."

ಶಿವರಾತ್ರಿ ಹೊತ್ತಿಗೆ ಕಡ್ಡಿಗಳನ್ನು ಹೊರಗೆ ತಂದೆ. ಅವಳ ಅಡುಗೆಮನೆಯ ಕಿಟಕಿಯಲ್ಲಿ ಎರಡು ಗಾಜಿನ ಬಾಟಲಿಗಳಲ್ಲಿ, ಬುಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ ನಿಲ್ಲಿಸಿದೆವು. ಒಲೆಯ ಶಾಖ ನೇರವಾಗಿ ತಾಗದಂತೆ ನಡುವೆ ಹಿಟ್ಟಿನ ಡಬ್ಬಿ ಇಟ್ಟಳು. ನೀರು ಬದಲಿಸುವುದು, ಬುಡ ಮತ್ತೆ ಕತ್ತರಿಸುವುದು ಅವಳ ಕೆಲಸ. ಹಿತ್ತಲಿನ ಎರಡೂ ಗಿಡ ಚಳಿ ಕಾಣದೆ ಹಾಗೇ ಮಂಕಾಗಿ ಮಲಗಿದ್ದವು.

ಬಿಳಿ ದಾರದ ಬಾಟಲಿ ಬೇಗ ಎಚ್ಚೆತ್ತಿತು. ಕಣ್ಣು ಉಬ್ಬಿ, ಕೆಂಪು ಸಿಪ್ಪೆ ಬಿರಿದು, ಒಂದು ಬೆಳಿಗ್ಗೆ ಮೂರು ಹೂ ಅರಳಿದ್ದವು. ಬಿಳಿಗೆ ತುಸು ಗುಲಾಬಿ. ಹಿರಿಯಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದು ನೋಡಿದರು.

"ಬಂತಲ್ಲವ್ವಾ ನಿನ್ನ ಹೂವು! ಇನ್ನೇನು?"

"ಬಂತ್ರಿ ಭಾವಾರ," ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಇದಲ್ರಿ. ಇದು ಊರ ಮಂದಿ ಗಿಡದಂಗ ಅವಸರದ್ದು. ನಮ್ಮವ್ವಂದು ಹಿಂಗಲ್ಲ."

ಕೆಂಪು ದಾರದ ಬಾಟಲಿ ಅಲ್ಲಾಡಿರಲಿಲ್ಲ. ಕಣ್ಣುಗಳು ಕಂದು, ಬಿಗಿ, ಒಣಗಿದಂತಿದ್ದವು. ಬಿಳಿ ದಾರದ ಬಾಟಲಿಯ ಹೂವಿನ ದಳ ಉದುರಿ ಅಡುಗೆ ಕಟ್ಟೆಯ ಮೇಲೆ ಬಿದ್ದಿತು. ಆಗಲೂ ಅವು ಹಾಗೇ ಇದ್ದವು.

ಆ ವಾರದ ದಣಿವನ್ನು ಹೇಗೆ ಹೇಳಲೋ ತಿಳಿಯದು. ತೋಟಗಳಲ್ಲಿ ದಾಳಿಂಬೆ ಹೂವು ಉದುರುತ್ತಿದ್ದವು, ಎಲ್ಲ ಕಡೆಯಿಂದ ಫೋನು. ತಲೆಯಲ್ಲಿ ಆ ಎರಡು ಕಣ್ಣು. ತಡವಾಗಿ ಬಿಡುವ ಕಣ್ಣು, ಸತ್ತ ಕಣ್ಣು, ಹೊರಗಿನಿಂದ ಒಂದೇ ಥರ ಕಾಣುತ್ತವೆ. ಔಷಧಿಯ ಪೆಟ್ಟು, ಒಣಗಿಸಿದ ಪೆಟ್ಟು, ಬೂಷ್ಟು—ಸಾಯಲು ಇದ್ದ ಕಾರಣಗಳು ಕಡಿಮೆಯಿರಲಿಲ್ಲ. ಅತ್ತ ಅವಳ ಅಣ್ಣ ದಿನಾ ಫೋನು ಮಾಡುತ್ತಿದ್ದ: ಅಲ್ಲಿ ಹಿಮ ಕರಗುತ್ತಿದೆ, ಅಲ್ಲಿಯ ಗಿಡಗಳು ಚಿಗುರುವ ಮೊದಲು ಅವಕ್ಕೆ ಕಸಿ ಕಟ್ಟಬೇಕು, ಕಡ್ಡಿ ಹಿಡಿದು ಅವಳ ಗಂಡ ಈಗಲೇ ರೈಲು ಹತ್ತಬೇಕು. ಬೇಲಿ ಗಿಡದ ಕಡ್ಡಿ ಕಳಿಸಿದರೆ ಅಲ್ಲಿ ಇನ್ನೊಂದು ಅವಸರದ ಗಿಡವಾಗುತ್ತದೆ, ಅಷ್ಟೇ. ಬಚ್ಚಲ ಗಿಡದ ಕೊಂಬೆ ಕತ್ತರಿಸಿ ಕಳಿಸಿ, ಅದು ಸತ್ತದ್ದೆಂದಾದರೆ, ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ತಿಳಿಯಲು ಒಂದೇ ದಾರಿಯಿತ್ತು. ಹಿಮ ಬಿದ್ದ ಮರುದಿನ ಬೆಳೆಗಾರರು ಮಾಡುವುದೂ ಅದನ್ನೇ. ಕಣ್ಣನ್ನು ಬ್ಲೇಡಿನಿಂದ ಅಡ್ಡ ಸೀಳಿ ನೋಡಬೇಕು. ನಡುವಿನ ಚುಕ್ಕೆ ಹಸಿರಿದ್ದರೆ ಜೀವವಿದೆ, ಅರಳುವುದು ತಡವಷ್ಟೇ; ಕಂದಾಗಿದ್ದರೆ ಜೀವವಿಲ್ಲ. ಆದರೆ ಸೀಳಿದ ಕಣ್ಣು ಮತ್ತೆ ಅರಳುವುದಿಲ್ಲ.

"ಎರಡೇ ಅದಾವಲ್ರಿ," ಎಂದಳು.

"ಹೌದು."

"ಒಂದು ಕೊಯ್ದ್ರ ಒಂದು ಉಳೀತೈತಿ."

"ಆ ಒಂದು ಅರಳದೇ ಹೋಗಬಹುದು ಅಕ್ಕ. ನೀವು ಹೂವು ನೋಡದೇ ಇರಬಹುದು."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಗಂಡ ಬಾಗಿಲಲ್ಲಿ ನಿಂತಿದ್ದ. "ನೋಡೂದು ನನಗ ಬೇಕಾಗಿತ್ರಿ," ಎಂದಳು. "ಗಿಡ ಬೇಕಾಗಿರೋದು ಅಣ್ಣಗ. ಈ ಕೆಳಗಿಂದು ಕೊಯ್ರಿ. ಮ್ಯಾಲಿಂದು ಇರ್ಲಿ."

ಕೊಯ್ದೆ. ಭೂತಗನ್ನಡಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಕಟ್ಟೆಗೆ ಮೊಣಕೈ ಊರಿ ಮತ್ತೆ ನೋಡಿದೆ. ಕಂದು ಸಿಪ್ಪೆಗಳ ಒಳಗೆ, ಸಾಸಿವೆಗಿಂತ ಸಣ್ಣದಾಗಿ, ಹಸಿರು. ಕನ್ನಡಿಯನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿ ಗಂಡನ ಕೈಗೆ ಕೊಟ್ಟಳು.

ಅದೇ ಮಧ್ಯಾಹ್ನ ಉಳಿದ ಕೊಂಬೆಯನ್ನು ಕತ್ತರಿಸಿದೆವು. ಕತ್ತರಿ ಹಿಡಿದದ್ದು ಆಕೆ. ನಾನು ಜಾಗ ತೋರಿಸಿದೆ. ಇಲ್ಲಿ ಎಚ್ಚರವಾಗಲಾರದೆ ಮಲಗಿದ್ದ ಆ ಕಡ್ಡಿಗಳು ಕಸಿಗೆ ಸರಿಯಾದ ಸ್ಥಿತಿಯಲ್ಲಿದ್ದವು. ತುದಿಗಳನ್ನು ಕರಗಿಸಿದ ಮೇಣದಲ್ಲಿ ಅದ್ದಿದೆವು, ಒದ್ದೆ ಗೋಣಿಯಲ್ಲಿ ಸುತ್ತಿ, ಕೆಂಪು ದಾರ ಕಟ್ಟಿದೆವು. ಹಿರಿಯಣ್ಣ ಬಂದು ಬೋಳು ಗಿಡವನ್ನು ನೋಡಿ ದಂಗಾದರು.

"ಏನವ್ವಾ, ಇದನ್ನ ಪೂರಾ ಬೋಳಸಿಬಿಟ್ಟಿ? ನಾನರ ಒಂದ್ ಕೊಂಬಿ ಬಿಟ್ಟಿದ್ದೆ!"

"ನೀವು ಬಿಟ್ಟಿದ್ದು ಆಳಿಗೆ ಕೈ ಎಟುಕ್ಲಿಲ್ಲಂತ್ರಿ ಭಾವಾರ," ಎಂದಳು. ಆಮೇಲೆ ಅವರಿಗೆ ಎಲ್ಲವನ್ನೂ ಹೇಳಿದಳು, ಬಹಾರದಿಂದ ಮೊದಲುಮಾಡಿ. ಬೈಯುವ ದನಿಯಲ್ಲಲ್ಲ. ಅವರು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದರು. ನಡುವೆ ಒಮ್ಮೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಅದಕ್ಕೇನು ಅವತ್ತು ಚಾ ಕೊಡ್ಲಿಲ್ಲ?" ಎಂದರು ಕೊನೆಗೆ.

ಗಂಡ ಮರುದಿನ ಹೊರಟ. ಕಟ್ಟನ್ನು ರೈಲಿನ ಎ.ಸಿ. ಡಬ್ಬಿಯಲ್ಲಿ ಕೈಯಲ್ಲೇ ಹಿಡಿದುಕೊಂಡು ಹೋದನೆಂದು ಆಮೇಲೆ ತಿಳಿಯಿತು.

ಯುಗಾದಿ ಕಳೆದು ಕೆಲವು ದಿನಕ್ಕೆ ಅವಳ ಫೋನು ಬಂತು. ನಾನು ನೀಲಗುಂದದ ಹತ್ತಿರ ಒಂದು ತೋಟದಲ್ಲಿದ್ದೆ. "ಬರ್ರಿ" ಎಂದಷ್ಟೇ ಹೇಳಿದಳು. ಸಂಜೆಯ ಹೊತ್ತಿಗೆ ಹೋದೆ. ಕೆಂಪು ದಾರದ ಬಾಟಲಿಯಲ್ಲಿ ಆ ಒಂಟಿ ಕಣ್ಣು ಅರಳಿತ್ತು. ಒಂದೇ ಹೂ. ಒಂದು ದಳದ ಅಂಚು ಮಡಚಿಕೊಂಡಿತ್ತು. ಅವಳು ವಿಡಿಯೋ ಕರೆಯಲ್ಲಿ ಅಣ್ಣನಿಗೆ ಅದನ್ನು ತೋರಿಸುತ್ತಿದ್ದಳು. ಆ ಕಡೆಯಿಂದ ಒಂದು ಇಳಿಜಾರು, ಅದರ ಮೇಲೆ ಸಾಲು ಗಿಡ, ಗಿಡದ ತುಂಬ ಹೂವು. ಹೂವೆಲ್ಲ ಚಹಾದ ಚರಟದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಬೆಳಗಿನ ಜಾವ ಹಿಮ ಬಿದ್ದಿತ್ತಂತೆ. ಅಲ್ಲೇ ಉಳಿದಿದ್ದ ಗಂಡ ಫೋನನ್ನು ಒಂದು ಗಿಡದ ಹತ್ತಿರ ಒಯ್ದ. ಕತ್ತರಿಸಿದ ಕೊಂಬೆಯ ತುದಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿತ್ತು, ಮೇಲೆ ಕೆಂಪು ದಾರ. ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು.

"ಇನ್ನಾ ಬಿಟ್ಟಿಲ್ಲ ನೋಡ್ರಿ!" ಎಂದು ನನ್ನ ತೋಳು ಹಿಡಿದು ಅಲುಗಿಸಿದಳು. "ಊರೆಲ್ಲಾ ಸುಟ್ಟೈತಿ, ಇದು ಇನ್ನಾ ಮಕ್ಕೊಂಡೈತಿ!"

ನಾನು ಹೇಳಬೇಕಾದದ್ದನ್ನು ಹೇಳಿದೆ. ಹೊಸ ಕಸಿ ಮೊದಲ ವರ್ಷ ಹೇಗೂ ತಡ. ಇದರಿಂದ ಏನೂ ಖಚಿತವಾಗುವುದಿಲ್ಲ. ಈ ಬಾಟಲಿಯ ಕಣ್ಣೂ ಗಿಡದ ಸುಸ್ತಿನಿಂದ ತಡವಾಗಿರಬಹುದು. ಎರಡು ಮೂರು ವರ್ಷ ನೋಡಬೇಕು.

"ನೋಡೂಣಂತ ತಗೋರಿ ಸರ್. ಇವತ್ತೊಂದು ಸುಮ್ನಿರ್ರಿ."

ಚಹಾ ಕೊಟ್ಟಳು. ಕುಡಿಯುತ್ತ ಹಿತ್ತಲಿಗೆ ಬಂದೆ. ಬಚ್ಚಲ ಗಿಡ ಕಂಬದಂತೆ ನಿಂತಿತ್ತು. ಹಿರಿಯಣ್ಣ ಸಲಿಕೆ ಹಿಡಿದು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಅಗೆದು ಹಾಕಲು ಬಂದರೇನೋ ಎಂದುಕೊಂಡೆ. ಅವರು ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದು ನೋಡುತ್ತಿದ್ದರು.

"ಸರ್, ಬುಡದಾಗ ಸ್ವಲ್ಪ ಹಸರೈತಿ ಅನಸ್ತೈತಿ. ನನ್ನ ಕಣ್ಣಿಗೆ ಹಂಗ ಕಾಣ್ತೈತೋ ಏನೋ. ಬಚ್ಚಲ ನೀರು ಬಿಡ್ಲೇನು?"

ಬಗ್ಗಿ ನೋಡಿದೆ. ಸಂಜೆಯ ಬೆಳಕಿನಲ್ಲಿ ನನಗೂ ಸರಿಯಾಗಿ ಕಾಣಲಿಲ್ಲ.

"ಬಿಡ್ರಿ," ಎಂದೆ.

ಅವರು ಕಾಲುವೆಗೆ ಅಡ್ಡವಿಟ್ಟ ಕಲ್ಲನ್ನು ಎತ್ತಿದರು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ನೀರು ಬಿರುಕು ಮಣ್ಣಿನಲ್ಲಿ ಸ್ವಲ್ಪ ಹೊತ್ತು ಕಾಣದಂತಾಗಿ, ಆಮೇಲೆ ಬುಡದ ಸುತ್ತ ನಿಂತಿತು.